ಪಾಕಪ್ಪನ ದವಡೆ ಹಲ್ಲು

ಪಾಕಪ್ಪನ ಬಾಯಲ್ಲಿ ಎಲ್ಲರ ಬಾಯಲ್ಲಿರುವಷ್ಟೇ ಹಲ್ಲುಗಳಿದ್ದರೂ ಅವನು ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಒಂದನ್ನೇ. ಬಲಗಡೆ, ಕೆಳಸಾಲಿನ ಕೊನೆಗೆ ಹತ್ತಿರವಿದ್ದ ದಪ್ಪ ದವಡೆ ಹಲ್ಲು ಅದು. ಮಿಕ್ಕವು ಊಟ ಅಗಿಯುವುದಕ್ಕೆ, ಗಿರಾಕಿಗಳಿಗೆ ನಕ್ಕು ತೋರಿಸುವುದಕ್ಕೆ. ಇದು ಮಾತ್ರ ದುಡಿಯುವ ಹಲ್ಲು. ಮನೆ ನಡೆಯುತ್ತಿರುವುದೇ ಇದರಿಂದ ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಅವನ ಕಸುಬು ಪೆಪ್ಪರ್‌ಮೆಂಟು ಮಾಡುವುದು. ಮುಂದೆ ಅಂಗಡಿ, ಹಿಂದೆ ಒಲೆಮನೆ, ಮೇಲೆ ವಾಸ. ಒಲೆಮನೆಯ ದೊಡ್ಡ ಬಾಣಲೆಯಲ್ಲಿ ಸಕ್ಕರೆ ಪಾಕ ಕುದಿಯುತ್ತದೆ. ಗುಳ್ಳೆಗಳು ಮೊದಮೊದಲು ಗಡಿಬಿಡಿ ಮಾಡಿ, ಆಮೇಲೆ ಸೋಮಾರಿಗಳಾಗಿ ಒಂದೊಂದೇ ಏಳತೊಡಗಿದಾಗ ಪಾಕಪ್ಪ ಸೌಟಿನ ತುದಿಯಿಂದ ಒಂದು ಹನಿ ತೆಗೆದು ಬಟ್ಟಲಿನ ತಣ್ಣೀರಿಗೆ ಬಿಡುತ್ತಾನೆ. ಗಟ್ಟಿಯಾದ ಹನಿಯನ್ನು ಎತ್ತಿ ಆ ದವಡೆ ಹಲ್ಲಿನ ಮೇಲಿಟ್ಟು ಕಚ್ಚುತ್ತಾನೆ. ಹಲ್ಲಿಗೆ ಅಂಟಿದರೆ ಪಾಕ ಇನ್ನೂ ಆಗಿಲ್ಲ. ಅಂಟದೆ ಟಕ್ಕನೆ ಮುರಿದರೆ ಆಯಿತು. ಅಲ್ಲಿಂದ ಮುಂದೆ ಸ್ವಲ್ಪ ತಡಮಾಡಿದರೂ ಸೀದುಹೋಗುತ್ತದೆ. ಕಚ್ಚಿದ ಚೂರನ್ನು ಪಕ್ಕದ ಡಬ್ಬಕ್ಕೆ ಉಗುಳಿ "ಇಳ್ಸು!" ಎಂದು ಕೂಗಿದನೆಂದರೆ ಹೆಂಡತಿ ಓಡಿಬಂದು ಬಾಣಲೆಯ ಇನ್ನೊಂದು ಹಿಡಿ ಹಿಡಿಯುತ್ತಾಳೆ. ಇಬ್ಬರೂ ಸೇರಿ ಎಣ್ಣೆ ಸವರಿದ ಕಲ್ಲಿನ ಹಾಸಿನ ಮೇಲೆ ಸುರಿಯುತ್ತಾರೆ. ಆಮೇಲೆ ಮಡಚುವುದು, ಎಳೆಯುವುದು, ಹಗ್ಗ ಮಾಡುವುದು, ಕತ್ತರಿಯಲ್ಲಿ ಕತ್ತರಿಸುವುದು, ಕಾಗದ ಸುತ್ತುವುದು. ಹೀಗೆ ಪಾಕ ನೋಡಿ ನೋಡಿಯೇ ಅವನಿಗೆ ಪಾಕಪ್ಪ ಎಂಬ ಹೆಸರು ಅಂಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದುಕೊಂಡಿತ್ತು.

ಅಂಥ ಹಲ್ಲು ಹುಳುಕಾಯಿತು. ಹುಳುಕಾಗಿ ಎಷ್ಟು ಕಾಲವಾಗಿತ್ತೋ, ಪಾಕಪ್ಪ ಹಲ್ಲು ಕಚ್ಚಿ ಸಹಿಸಿದ್ದ, ಅದೂ ಅದೇ ಹಲ್ಲನ್ನು. ಕೊನೆಗೊಂದು ದಿನ ಕೆನ್ನೆ ಬನ್ನಿನಂತೆ ಊದಿಕೊಂಡು ಮಾತೇ ಹೊರಡದಾದಾಗ ಹೆಂಡತಿ ಅವನನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಕೆಯ ಕ್ಲಿನಿಕ್ಕು. ವಯಸ್ಸು ಚಿಕ್ಕದು, ಮಾತು ಮೆತ್ತಗೆ, ಕನ್ನಡಕದ ಮೇಲೆ ಹಲ್ಲನ್ನು ದೊಡ್ಡದಾಗಿ ತೋರಿಸುವ ಇನ್ನೊಂದು ಕನ್ನಡಕ. ಬಾಯಿಗೆ ಕೈ ಹಾಕುವ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲಿ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಪೆಪ್ಪರ್‌ಮೆಂಟಿನವನಿಗೇ ಸಕ್ಕರೆ ಕಾಯಿಲೆ ಎಂದು ಬೀದಿಗೆ ಬೀದಿಯೇ ನಕ್ಕಿತು. ಪಾಕಪ್ಪನೂ ನಕ್ಕ, ಆದರೆ ಒಂದೇ ಕೆನ್ನೆಯಲ್ಲಿ.

ಡಾಕ್ಟರಮ್ಮ ರೂಟ್ ಕೆನಾಲ್ ಮಾಡಿದರು. ಹಲ್ಲಿನೊಳಗಿನ ಕೊಳೆತದ್ದನ್ನೆಲ್ಲ ತೆಗೆದು, ಬೇರಿನ ತುದಿಯವರೆಗೆ ತೊಳೆದು, ತುಂಬಿ, ಮೇಲೆ ಕ್ಯಾಪು ಕೂರಿಸಿದರು. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸುತ್ತ ಇದ್ದ ಕಪ್ಪು ನೆರಳನ್ನು ತೋರಿಸಿ, ಅಲ್ಲಿ ಸೋಂಕು ಮೂಳೆಯನ್ನು ತಿಂದುಹಾಕಿದೆ, ಇನ್ನು ಕೆಲವು ತಿಂಗಳಲ್ಲಿ ಮೂಳೆ ತಾನಾಗಿ ತುಂಬಿಕೊಂಡು ನೆರಳು ಮಾಯವಾಗಬೇಕು, ಸಕ್ಕರೆ ಕಾಯಿಲೆಯವರಿಗೆ ಇದು ಸ್ವಲ್ಪ ನಿಧಾನ, ಕೆಲವರಿಗೆ ತುಂಬಿಕೊಳ್ಳದೆಯೂ ಇರಬಹುದು, ಅದಕ್ಕೇ ಸಿಹಿ ಬಿಡಬೇಕು, ಆ ಕಡೆ ಗಟ್ಟಿಯಾದದ್ದನ್ನು ತಿನ್ನಬಾರದು ಎಂದು ಬಿಡಿಸಿ ಹೇಳಿದರು. ಪಾಕಪ್ಪ ಎಲ್ಲದಕ್ಕೂ ತಲೆಯಾಡಿಸಿದ.

ಹೇಳಿದ್ದನ್ನು ಅವನು ಪಾಲಿಸಲಿಲ್ಲವೆಂದು ಮಾತ್ರ ಯಾರೂ ಅನ್ನುವಂತಿರಲಿಲ್ಲ. ಊಟವನ್ನೆಲ್ಲ ಎಡಗಡೆಗೆ ವರ್ಗ ಮಾಡಿದ. ಟೀಗೆ ಸಕ್ಕರೆ ನಿಂತಿತು. ಬೆಳಿಗ್ಗೆ ನಡಿಗೆ ಶುರುವಾಯಿತು. ಮಾತ್ರೆಯನ್ನು ಹೆಂಡತಿ ತಾನೇ ಅಂಗೈ ಮೇಲಿಟ್ಟು, ಅವನು ನುಂಗಿ ಬಾಯಿ ತೆರೆದು ತೋರಿಸುವವರೆಗೆ ಜಾಗ ಬಿಡುತ್ತಿರಲಿಲ್ಲ. ಮದುವೆ ಮುಂಜಿಗೆ ಹೋದಲ್ಲಂತೂ ಹೇಳುವುದೇ ಬೇಡ, ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬದ ಕೇಕಿನ ಮುಂದೆಯೂ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಸಕ್ಕರೆ ಚೆನ್ನಾಗಿ ಇಳಿದದ್ದು ಕಂಡಾಗ ಇಬ್ಬರಿಗೂ ತಲೆಯ ಮೇಲೆ ಒಂದಿಷ್ಟು ಕೋಡು ಮೂಡಿತ್ತು.

ಆದ್ದರಿಂದ ಆರು ತಿಂಗಳು ಕಳೆದು ಎಕ್ಸ್‌ರೇ ತೆಗೆಸಲು ಹೋದಾಗ ಅವರು ಬಹುಮಾನ ತೆಗೆದುಕೊಳ್ಳಲು ಹೋದವರಂತೆ ಹೋದರು. ಹೆಂಡತಿ ಒಳ್ಳೆಯ ಸೀರೆಯನ್ನೇ ಉಟ್ಟಿದ್ದಳು.

ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. "ಯಜಮಾನ್ರೇ, ಈ ನೆರಳು ಚಿಕ್ಕದಾಗ್ಬೇಕಿತ್ತು. ಆಗಿಲ್ಲ. ಒಂಚೂರು ದೊಡ್ಡದೇ ಆಗಿದೆ."

"ನೋವೇ ಇಲ್ವಲ್ಲಮ್ಮ?"

"ನೋವಿಲ್ದೇನೂ ಸೋಂಕು ಇರುತ್ತೆ. ನನ್ನ ಕೈತಪ್ಪೇನೋ ಅಂತ ಎರಡೆರಡು ಸಲ ನೋಡ್ದೆ. ಎಲ್ಲಾ ಬೇರೂ ತುದೀವರೆಗೆ ತುಂಬಿದೆ. ನಿಮ್ಮ ಶುಗರ್ ಹೇಗಿದೆ?"

ಅದಕ್ಕೆ ಹೆಂಡತಿ ಉತ್ತರ ಕೊಟ್ಟಳು. "ಅದರ ಮಾತೇ ಬೇಡ ಡಾಕ್ಟ್ರೇ. ಇವ್ರ ಬಾಯಿಗೆ ಒಂದು ಹರಳು ಸಕ್ಕರೆ ಹೋಗಲ್ಲ. ಹೋಗೋಕೆ ನಾನು ಬಿಡ್ಬೇಕಲ್ಲ?"

"ಬೆಳಗಿನ ಪರೀಕ್ಷೆ ಆ ಹೊತ್ತಿಂದನ್ನ ಮಾತ್ರ ಹೇಳುತ್ತೆ. ಈ ಸಲ ಮೂರು ತಿಂಗಳ ಸರಾಸರಿ ಹೇಳೋ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಕಾರಣ ಸಿಕ್ಕಿದ್ರೆ ಸರಿ. ಸಿಗದೆ ಈ ನೆರಳು ಹೀಗೇ ಬೆಳೀತಾ ಹೋದ್ರೆ..." ಆಕೆ ಚಿತ್ರಗಳನ್ನು ಪಕ್ಕಕ್ಕೆ ಸರಿಸಿದರು. "ಹಲ್ಲು ತೆಗೀಬೇಕಾಗುತ್ತೆ."

ಆ ಹಲ್ಲು ಹೋದರೆ ಪಾಕ ಆಯಿತೆಂದು ಹೇಳುವವರು ಯಾರು? ಬಾಣಲೆಯ ಪಕ್ಕದಲ್ಲಿ ಸುಮ್ಮನೆ ಸೌಟು ಹಿಡಿದು ನಿಂತಿರುವ ತನ್ನನ್ನು ಪಾಕಪ್ಪ ಕಣ್ಣ ಮುಂದೆ ಕಂಡ. ಕಂಡು, ಇಳಿಯುವಾಗ ಮೆಟ್ಟಿಲು ತಪ್ಪಿದ.

ಮೂರು ತಿಂಗಳ ಸರಾಸರಿ ಬಂತು. ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು.

ಆ ದಿನ ಮನೆಯಲ್ಲಿ ವಿಚಾರಣೆ ನಡೆಯಿತು. "ಎಲ್ಲಿ ತಿಂತಿದೀರಿ ಹೇಳ್ಬಿಡಿ. ಬೈಯಲ್ಲ," ಎಂದಳು ಹೆಂಡತಿ. ಬೈಯುವುದಿಲ್ಲ ಎನ್ನುವವಳ ಕೈ ಆಗಲೇ ಸೊಂಟದ ಮೇಲೆ ಹೋಗಿತ್ತು.

"ಎಲ್ಲೂ ತಿಂತಿಲ್ಲ ಕಣೇ."

"ಹಾಗಾದ್ರೆ ಸಕ್ಕರೆ ಗಾಳೀಲಿ ಹಾರ್ಕೊಂಡು ಬಂದು ನಿಮ್ಮ ರಕ್ತಕ್ಕೆ ಬೀಳ್ತಾ?"

"ನನ್ನಾಣೆ. ನಿನ್ನಾಣೆ. ಬೇಕಾದ್ರೆ ಬಾಣಲೆ ಮುಟ್ಟಿ ಹೇಳ್ತೀನಿ."

ಅವಳು ಅವನ ಅಂಗಿಗಳ ಜೇಬು ತಡಕಿದಳು. ಪೆಪ್ಪರ್‌ಮೆಂಟಿನ ಕಾಗದಗಳು ಸಿಕ್ಕವು. ಪೆಪ್ಪರ್‌ಮೆಂಟು ಮಾಡುವವನ ಜೇಬಿನಲ್ಲಿ ಮತ್ತೇನು ಸಿಗಬೇಕು? ಅದನ್ನೇ ಅವನು ಹೇಳಿದ. ಅವಳು ಅದಕ್ಕೂ ಮುಖ ಊದಿಸಿಕೊಂಡಳು. ನಡಿಗೆಗೆ ಹೋಗುವ ದಾರಿಯಲ್ಲಿ ಬೇಕರಿ ಇದೆಯೆಂಬ ಕಾರಣಕ್ಕೆ ಮರುದಿನದಿಂದ ಅವಳೂ ನಡಿಗೆಗೆ ಬಂದಳು, ಮಾತಿಲ್ಲ ಕತೆಯಿಲ್ಲ, ಹತ್ತು ಹೆಜ್ಜೆ ಹಿಂದೆ.

ಪಾಕಪ್ಪನಿಗೆ ನಿಜವಾಗಿ ದುಃಖವಾಯಿತು. ಹಲ್ಲು ಹೋಗುವ ಭಯ ಒಂದು ಕಡೆಗಿರಲಿ, ಇಷ್ಟು ವರ್ಷ ಒಂದೇ ಬಾಣಲೆಯ ಎರಡು ಹಿಡಿ ಹಿಡಿದವಳು ತನ್ನನ್ನು ಕಳ್ಳನಂತೆ ನೋಡುತ್ತಾಳಲ್ಲ ಎಂಬುದು ಅವನ ಗಂಟಲಿಗೆ ಸಿಕ್ಕಿಕೊಂಡಿತ್ತು. ಕದ್ದು ತಿಂದಿದ್ದರಾದರೂ ಒಪ್ಪಿಕೊಂಡು ಹಗುರಾಗಬಹುದಿತ್ತು. ಆ ಸುಖವೂ ಅವನ ಪಾಲಿಗೆ ಇರಲಿಲ್ಲ.

ಹೆಂಡತಿಯ ತಮ್ಮ ಡಬ್ಬ ಬಾಟಲಿ ತಂದುಕೊಡುವವನು, ವಾರಕ್ಕೊಮ್ಮೆ ಬರುತ್ತಿದ್ದ. ಅವನಿಗೆ ಪೂರಾ ಕಟ್ಟಿಸಿದ ಹಲ್ಲು. ಸಂಗತಿ ಕೇಳಿ ಅವನು ನಕ್ಕ. "ಕಿತ್ತಾಕ್ಸಿ ಭಾವ! ನನ್ನ ನೋಡಿ, ರಾತ್ರಿ ಬಟ್ಟಲಿಗೆ ಹಾಕಿ ಆರಾಮಾಗಿ ಮಲಗ್ತೀನಿ. ಹಲ್ಲು ಬಟ್ಟಲಲ್ಲಿ, ನಾನು ಹಾಸಿಗೇಲಿ. ಒಬ್ಬರಿಗೊಬ್ಬರ ತಂಟೆಯಿಲ್ಲ."

"ನಿನ್ನ ಹಲ್ಲಲ್ಲಿ ಪಾಕ ನೋಡೋಕಾಗುತ್ತೇನೋ?"

"ಯಾಕಾಗಲ್ಲ?" ಎಂದು ಭಾವಮೈದ ಕುದಿಯುತ್ತಿದ್ದ ಬಾಣಲೆಯ ಪಕ್ಕದ ಬಟ್ಟಲಿನ ತಣ್ಣೀರಿನಿಂದ ಒಂದು ಹನಿ ಎತ್ತಿ ಬಾಯಿಗೆ ಹಾಕಿ ಕಚ್ಚಿದ. ಪಾಕ ಇನ್ನೂ ಆಗಿರಲಿಲ್ಲ. ಕಟ್ಟಿಸಿದ ಹಲ್ಲಿನ ಮೇಲಿನ ಸಾಲು ಕೆಳಗಿನ ಸಾಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಾಯಿ ಬಿಡುವಾಗ ಎರಡೂ ಒಟ್ಟಿಗೆ ಹೊರಗೆ ಬಂದವು. ಮುಖ ಊದಿಸಿಕೊಂಡಿದ್ದ ಅಕ್ಕನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಬೇಕಾಯಿತು. ನಕ್ಕು ಬಂದವಳು ಗಂಡನ ಮುಖ ನೋಡಿ ಮತ್ತೆ ಊದಿಸಿಕೊಂಡಳು.

ಪರೀಕ್ಷೆಯ ಕಾಗದ ಹಿಡಿದು ಮತ್ತೆ ಕ್ಲಿನಿಕ್ಕಿಗೆ ಹೋದದ್ದು ಇಂಥ ಬಿಗುವಿನಲ್ಲೇ. ಡಾಕ್ಟರಮ್ಮ ಕಾಗದ ನೋಡಿ ಹುಬ್ಬೇರಿಸಿದರು, ಬೈಯಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, "ಬೆಳಗ್ಗೆ ಎದ್ದಾಗಿಂದ ಮಲಗೋವರೆಗೆ ಬಾಯಿಗೆ ಏನೇನು ಹೋಗುತ್ತೆ, ಒಂದೂ ಬಿಡದೆ ಹೇಳಿ," ಎಂದರು.

ಪಾಕಪ್ಪ ಹೇಳಿದ. ಸಕ್ಕರೆಯಿಲ್ಲದ ಟೀ, ತಿಂಡಿ, ಮಾತ್ರೆ, ಊಟ, ಮತ್ತೆ ಟೀ, ಊಟ, ಮಾತ್ರೆ. ಹೆಂಡತಿ ಒಂದೊಂದಕ್ಕೂ ಹೂಂಗುಟ್ಟಿದಳು. ಅನುಮಾನಪಡುವಂಥದ್ದು ಅವಳಿಗೂ ಸಿಗಲಿಲ್ಲ.

"ಈ ಹಲ್ಲಲ್ಲಿ ಗಟ್ಟಿಯಾದ್ದು ಏನೂ ತಿಂತಿಲ್ಲ ತಾನೆ?"

"ಛೇ ಛೇ! ಊಟಾನೂ ಎಡಗಡೇನೇ ಡಾಕ್ಟರಮ್ಮ. ಇದನ್ನ ಬರೀ ಪಾಕಕ್ಕೆ ಅಂತ ಮೀಸಲಿಟ್ಟಿದೀನಿ."

ಡಾಕ್ಟರಮ್ಮನ ಪೆನ್ನು ನಿಂತಿತು. "ಪಾಕಕ್ಕೆ ಅಂದ್ರೆ?"

ಪಾಕಪ್ಪನಿಗೆ ಉತ್ಸಾಹ ಬಂತು. ಈ ಪ್ರಶ್ನೆಯನ್ನು ಇಷ್ಟು ದಿನ ಯಾಕೆ ಕೇಳಲಿಲ್ಲವೋ ಎನ್ನುವಂತೆ, ಕುರ್ಚಿಯಿಂದ ಅರ್ಧ ಎದ್ದು, ಗುಳ್ಳೆ ಏಳುವುದನ್ನು ಬೆರಳಿನಲ್ಲಿ ತೋರಿಸಿ, ತಣ್ಣೀರಿಗೆ ಹನಿ ಬಿಟ್ಟು, ಎತ್ತಿ, ಇಲ್ಲದ ಹನಿಯನ್ನು ಹಲ್ಲಿನ ಮೇಲಿಟ್ಟು ಕಚ್ಚಿಯೂ ತೋರಿಸಿದ. "ಒಂದೊಂದು ಬಾಣಲೆಗೆ ನಾಲ್ಕೈದು ಸಲ ನೋಡ್ಬೇಕು. ಕೊನೇಲಿ ಟಕ್ ಅಂದ್ರೆ ಆಯ್ತು. ಆ ಟಕ್ ಈ ಒಂದು ಹಲ್ಲಿಗೇ ಗೊತ್ತಾಗೋದು!"

"ದಿನಕ್ಕೆ ಎಷ್ಟು ಬಾಣಲೆ?"

"ಹೋದಷ್ಟು. ಶಾಲೆ ತೆರೆದಾಗ ಜಾಸ್ತಿ."

"ಇದನ್ನ ಈಗ್ಲೂ ಮಾಡ್ತಿದೀರಾ?"

"ಮಾಡದೆ? ಅಂಗಡಿ ಮುಚ್ಚಕ್ಕಾಗುತ್ತಾ?"

"ನಾನು ಸಿಹಿ ತಿನ್ಬೇಡಿ, ಗಟ್ಟಿ ತಿನ್ಬೇಡಿ ಅಂತ ಹೇಳಿದ್ನಲ್ಲ ಯಜಮಾನ್ರೇ?"

"ಅಯ್ಯೋ, ಇದು ತಿನ್ನೋದಲ್ಲಮ್ಮ, ಕೆಲ್ಸ! ತಿನ್ನಲ್ಲ ನಾನು. ಕಚ್ಚಿ ಉಗುಳ್ತೀನಿ."

"ಪೂರ್ತಿ ಉಗುಳ್ತೀರಾ?"

"ಬಂದಷ್ಟು ಉಗುಳ್ತೀನಿ. ಹಲ್ಲಿಗೆ ಮೆತ್ಕೊಂಡಿದ್ದು ಮಾತ್ರ ಉಗುಳಿದ್ರೂ ಬರಲ್ಲ. ಅದು ತಾನಾಗೇ ಕರಗುತ್ತೆ."

"ಕರಗಿ ಎಲ್ಲಿಗೆ ಹೋಗುತ್ತೆ?"

ಕರಗಿದ್ದು ಎಲ್ಲಿಗೋ ಹೋಗಬೇಕೆಂಬುದು ಪಾಕಪ್ಪನಿಗೆ ಈ ಜನ್ಮದಲ್ಲಿ ಹೊಳೆದಿರಲಿಲ್ಲ. ಮೆಲ್ಲಗೆ ತಿರುಗಿ ಹೆಂಡತಿಯನ್ನು ನೋಡಿದ. ಅವಳ ನಾಲಿಗೆ ಹಲ್ಲುಗಳ ನಡುವೆ ಸಿಕ್ಕಿತ್ತು.

"ಬಟ್ಟಲಿಗೆ ತಣ್ಣೀರು ತುಂಬಿ ಕೈಗೆ ಕೊಡ್ತಿದ್ದೋಳು ನಾನೇ ಡಾಕ್ಟ್ರೇ," ಎಂದಳು, ಹೆಚ್ಚುಕಡಿಮೆ ಅಳುವ ದನಿಯಲ್ಲಿ. "ಟೀಗೆ ಸಕ್ಕರೆ ಹಾಕ್ಕೊಂಡ್ಬಿಡ್ತಾರೆ ಅಂತ ಡಬ್ಬ ಬಚ್ಚಿಟ್ಟೆ. ಇದು ಕಣ್ಣ ಮುಂದೆ ದಿನಾ ನಡೀತಿತ್ತು. ಇದು ತಿನ್ನೋದು ಅಂತ ಅನ್ನಿಸ್ಲೇ ಇಲ್ವಲ್ಲ!"

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಿಗೂ ಕಾಣದಿರುವುದು ಅಂಥದ್ದೇ. ಆ ಮನೆಯಲ್ಲಿ ತಿನ್ನುವುದು ಮಹಡಿಯ ಮೇಲೆ, ಕಚ್ಚುವುದು ಒಲೆಯ ಮುಂದೆ. ಎರಡಕ್ಕೂ ಸಂಬಂಧವಿದೆಯೆಂದು ಇದೇ ಕಸುಬು ಮಾಡಿದ ಅವನ ಅಪ್ಪನ ಕಾಲದಿಂದಲೂ ಯಾರೂ ಹೇಳಿರಲಿಲ್ಲ.

ಡಾಕ್ಟರಮ್ಮ ನಗು ತಡೆಯಲು ನೋಡಿದರು. ಆಗಲಿಲ್ಲ. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಮತ್ತೆ ಡಾಕ್ಟರಾದರು. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನ ಮೇಲೆ ಮೈಯ ಹೋರಾಟ ಕುಂಟುತ್ತದೆ, ಮೂಳೆ ತುಂಬಿಕೊಳ್ಳುವುದು ತಡವಾಗುತ್ತದೆ. ಹಲ್ಲಿನ ಬುಡದ ಸೋಂಕು ಸುಮ್ಮನಿರದೆ ತಾನೂ ಸಕ್ಕರೆಯನ್ನು ಏರಿಸುತ್ತದೆ. ಒಂದಕ್ಕೊಂದು ಕುಮ್ಮಕ್ಕು. ಸಾಲದ್ದಕ್ಕೆ ಆಗಷ್ಟೇ ರಿಪೇರಿಯಾದ ಹಲ್ಲಿನ ಮೇಲೆ ದಿನವೂ ಕಲ್ಲಿನಂಥ ಹನಿಯ ಪೆಟ್ಟು. "ಇದೊಂದೇ ಕಾರಣ ಅಂತ ನಾನು ಆಣೆ ಇಟ್ಟು ಹೇಳಲ್ಲ. ನಿಮ್ಮ ಶುಗರ್ ಡಾಕ್ಟ್ರಿಗೂ ಇದನ್ನೆಲ್ಲ ಹೇಳಿ, ಮಾತ್ರೆ ಅವ್ರು ನೋಡ್ತಾರೆ. ಆದ್ರೆ ಕಚ್ಚೋದು ಇವತ್ತಿಂದ್ಲೇ ನಿಲ್ಬೇಕು. ಆಮೇಲೆ ಮತ್ತೊಂದು ಎಕ್ಸ್‌ರೇ. ಅಲ್ಲೀವರೆಗೆ ಈ ಹಲ್ಲನ್ನ ನಾನು ಕೀಳಲ್ಲ."

ಕೆಳಗೆ ಸೈಕಲ್ ಅಂಗಡಿಯ ಮುಂದೆ ಯಾರದೋ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದರು. ಗುಳ್ಳೆ ಎದ್ದ ಜಾಗದಲ್ಲಿ ಬೆರಳಿಟ್ಟರು. ಗಂಡ ಹೆಂಡತಿ ಇಬ್ಬರೂ ನಿಂತು ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ನಿಮ್ಮನ್ನ ನಂಬ್ಬೇಕಿತ್ತು ರೀ," ಎಂದಳು ಅವಳು, ಟ್ಯೂಬಿನ ಕಡೆಗೇ ನೋಡುತ್ತ. "ಜೇಬು ತಡಕಿಬಿಟ್ಟೆ."

"ತಡಕಿದ್ದು ಒಳ್ಳೇದೇ ಆಯ್ತು ಬಿಡು. ಜೇಬುಗಳು ಚೊಕ್ಕಟ ಆದ್ವು."

ಅವಳು ನಕ್ಕಳು. ಪಾಕಪ್ಪನ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದದ್ದು ಅಲ್ಲಿಯೇ, ಸೈಕಲ್ ಅಂಗಡಿಯ ಮುಂದೆ, ಇಳಿದುಹೋಯಿತು. ಮನೆಗೆ ನಡೆಯುವಾಗ ಅವಳು ಹತ್ತು ಹೆಜ್ಜೆ ಹಿಂದಿರಲಿಲ್ಲ.

ಇನ್ನು ಉಳಿದದ್ದು ಬಾಣಲೆಯ ಪ್ರಶ್ನೆ. ಸುದ್ದಿ ತಿಳಿದ ಭಾವಮೈದ ಪಾಕದ ಬಿಸಿ ಅಳೆಯುವ ಉದ್ದನೆಯ ಥರ್ಮಾಮೀಟರ್ ತಂದುಕೊಟ್ಟ. "ಇದಕ್ಕೆ ಹುಳುಕು ಹಿಡಿಯಲ್ಲ ಭಾವ." ಪಾಕಪ್ಪ ಅದನ್ನು ಬಾಣಲೆಯ ಅಂಚಿಗೆ ಸಿಕ್ಕಿಸಿ, ಹೊಸ ಅಳಿಯನನ್ನು ನೋಡುವ ಮಾವನಂತೆ ಓರೆಗಣ್ಣಿನಿಂದ ನೋಡುತ್ತ ನಿಂತ. ಅದರ ಪಾದರಸ ಗೀಟು ಮುಟ್ಟಿತು. ಆಯಿತೆಂದು ಅದು ಹೇಳಿತು. ಆದರೆ ಅದು ಹೇಳಿದ್ದು ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಅವನ ಕೈ ತಾನಾಗಿ ಬಟ್ಟಲಿಗೆ ಹೋಯಿತು, ಬಟ್ಟಲಿನಿಂದ ಬಾಯಿಗೆ. ಹೆಂಡತಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ಥರ್ಮಾಮೀಟರನ್ನ ಪರೀಕ್ಷೆ ಮಾಡ್ತಿದ್ದೆ ಕಣೇ!"

"ನಿಮ್ಮ ಪರೀಕ್ಷೆಗೆ ಬೆಂಕಿ ಬೀಳ. ಕೊಡಿ ಇಲ್ಲಿ, ನಾನು ಕಚ್ತೀನಿ."

ಅವಳು ಕಚ್ಚಿದಳು. ಕಚ್ಚಿ, ಬಾಣಲೆಯ ಬಿಸಿಗೆ ಬೆವರು ಒರೆಸಿಕೊಂಡು, "ಆಯ್ತು, ಇಳ್ಸಿ," ಎಂದಳು. ಅವಳಿಗೆ ಯಾವುದನ್ನೂ ಕಾದು ಗೊತ್ತಿಲ್ಲ. ಅವತ್ತಿನ ಪೆಪ್ಪರ್‌ಮೆಂಟು ಕಾಗದವನ್ನು ಬಿಟ್ಟು ಬರಲಿಲ್ಲ. ಮಕ್ಕಳು ಕಾಗದದ ಸಮೇತ ಚೀಪಿದರು. ಮರುದಿನ ಕೆಲವರು ಬಂದು ಹೊಸ ರುಚಿ ಚೆನ್ನಾಗಿದೆ, ಕಾಗದ ಯಾವ ಕಂಪನಿಯದು ಎಂದು ಕೇಳಿ ಹೊಟ್ಟೆ ಉರಿಸಿದರು.

ಪಾಕಪ್ಪ ರಾತ್ರಿಯಿಡೀ ಹೊರಳಾಡಿದ. ಹಲ್ಲು ಉಳಿದರೂ ಕಚ್ಚುವಂತಿಲ್ಲ, ಕಚ್ಚದಿದ್ದರೆ ಪಾಕವಿಲ್ಲ. ಹಾಗಿದ್ದ ಮೇಲೆ ಉಳಿಸಿಕೊಂಡು ಏನು ಮಾಡುವುದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದೇ?

ಮರುದಿನದ ಬಾಣಲೆಗೂ ಹೆಂಡತಿಯೇ ಕಚ್ಚಲು ನಿಂತಳು. ಈ ಸಲ ತಪ್ಪಬಾರದೆಂದು ಪಾಕಪ್ಪ ಅವಳ ಪಕ್ಕಕ್ಕೇ ಬಂದು, ಹನಿ ಹಲ್ಲಿಗೆ ಅಂಟುತ್ತದೋ ಇಲ್ಲವೋ ನೋಡಲು ಅವಳ ಬಾಯಿಯ ಹತ್ತಿರಕ್ಕೆ ಬಗ್ಗಿದ. ಕಾಣಿಸುವುದೇನು, ಅವಳ ಕೆನ್ನೆ. ಅವಳು ಕಚ್ಚಿದಳು.

"ಆಯ್ತು."

"ಆಗಿಲ್ಲ," ಎಂದ ಪಾಕಪ್ಪ.

"ಕಚ್ಚಿದ್ದು ನಾನು!"

"ಕೇಳಿದ್ದು ನಾನು!"

ಹೇಳಿದ ಮೇಲೆ ಅವನೇ ಬೆಚ್ಚಿದ. ಕೇಳಿದ್ದು! ಅವಳ ಕೆನ್ನೆಯೊಳಗೆ ಹನಿ ಮುರಿದ ಸದ್ದು ಅವನ ಕಿವಿಗೆ ಬಿದ್ದಿತ್ತು, ಮಂದವಾಗಿ, ಒದ್ದೆಯಾಗಿ. ಅದು ಆಗದ ಪಾಕದ ಸದ್ದು. ಅದು ಅವನಿಗೆ ಉಸಿರಿನಷ್ಟು ಪರಿಚಯ. ಅಷ್ಟು ವರ್ಷ ತನ್ನ ತಲೆಯೊಳಗೆ ಕೇಳುತ್ತಿದ್ದ ಸದ್ದನ್ನು ಅವನು ಹಲ್ಲಿನ ಮಾತು ಅಂದುಕೊಂಡಿದ್ದ.

"ಏ, ಇನ್ನೊಂದು ಎತ್ತು. ಕಚ್ಬೇಡ. ನೀರಿಗೆ ಎಳೆ ಎಳೆಯಾಗಿ ಬಿಡು. ಹಾಂ. ಈಗ ಬೆರಳಲ್ಲಿ ಮುರಿ, ನನ್ನ ಕಿವಿ ಹತ್ರ."

ಅವಳು ನೀರಿನಲ್ಲಿ ಕಡ್ಡಿಯಂತೆ ಗಟ್ಟಿಯಾದ ಎಳೆಯನ್ನು ಅವನ ಕಿವಿಯ ಹತ್ತಿರ ತಂದು ಬಗ್ಗಿಸಿದಳು. ಅದು ಮನಸ್ಸಿಲ್ಲದ ಮನಸ್ಸಿನಿಂದ ಮುರಿಯಿತು.

"ಇನ್ನೂ ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. "ಇನ್ನೊಂಚೂರು." ಮತ್ತೊಂದು. ಅದು ಟಣ್ಣನೆ ಮುರಿಯಿತು, ಚೊಕ್ಕವಾಗಿ, ಬಾಲವಿಲ್ಲದೆ.

"ಇಳ್ಸು!"

ಅವತ್ತಿನ ಪೆಪ್ಪರ್‌ಮೆಂಟು ಕಾಗದ ಬಿಚ್ಚುವ ಮೊದಲೇ ಜಾರಿ ಅಂಗೈಗೆ ಬಿತ್ತು. ಪಾಕಪ್ಪ ಒಂದನ್ನೂ ಬಾಯಿಗೆ ಹಾಕದೆ, ಬರೀ ನೋಡಿ, ಅಂಗಡಿಯ ಮುಂದೆ ನಿಂತ ಮಕ್ಕಳಿಗೆಲ್ಲ ಒಂದೊಂದು ಹಂಚಿದ. ಥರ್ಮಾಮೀಟರಿಗೂ ಕೆಲಸ ಹೋಗಲಿಲ್ಲ. ಅದು ಹತ್ತಿರ ಬಂತೆಂದು ಕೂಗಿ ಹೇಳುವ ಆಳಾಯಿತು. ಬಂತೋ ಇಲ್ಲವೋ ತೀರ್ಮಾನಿಸುವುದು ಕಿವಿ.

ಹೀಗೆ ತಿಂಗಳುಗಳು ಉರುಳಿದವು. ಶುಗರ್ ಡಾಕ್ಟರು ಮಾತ್ರೆ ಬದಲಾಯಿಸಿದರು. ನಡಿಗೆ ನಿಲ್ಲಲಿಲ್ಲ, ಹೆಂಡತಿ ಈಗ ಕಾವಲಿಗಲ್ಲ, ಹರಟೆಗೆಂದು ಜೊತೆಗೆ ಬರುತ್ತಿದ್ದಳು. ಮೂರು ತಿಂಗಳ ಸರಾಸರಿ ಮೊದಲು ತುಸು ಇಳಿಯಿತು, ಆಮೇಲೆ ಚೆನ್ನಾಗಿಯೇ ಇಳಿಯಿತು. ಆದರೆ ಎಕ್ಸ್‌ರೇಯ ದಿನ ಹತ್ತಿರ ಬಂದಂತೆ ಪಾಕಪ್ಪನಿಗೆ ನಿದ್ದೆ ಬರಲಿಲ್ಲ. ಕೆಲಸಕ್ಕೆ ಆ ಹಲ್ಲು ಬೇಕಿಲ್ಲವೆಂದು ಗೊತ್ತಾದ ಮೇಲೆ ಅದರ ಮೇಲಿನ ಮೋಹ ಕಡಿಮೆಯಾಗಬೇಕಿತ್ತು. ಆಗಿರಲಿಲ್ಲ. ಅಷ್ಟು ವರ್ಷ ತನಗಾಗಿ ದುಡಿದದ್ದನ್ನು, ಈಗ ಬೇಡವೆಂದು ಕಿತ್ತು ಬಿಸಾಡಲು ಅವನಿಂದ ಆಗದು. ಕನ್ನಡಿಯ ಮುಂದೆ ಬಾಯಿ ಕಿಸಿದು ಅದನ್ನು ನೋಡಿ, "ಸ್ವಲ್ಪ ತಡ್ಕೋ ಮಾರಾಯ," ಎಂದು ಅದಕ್ಕೇ ಹೇಳುತ್ತಿದ್ದ.

ಡಾಕ್ಟರಮ್ಮ ಈಗ ಮೂರು ಚಿತ್ರಗಳನ್ನು ಸಾಲಾಗಿ ಇಟ್ಟರು. ಪಾಕಪ್ಪ ಹೆಂಡತಿಯ ಕೈ ಹಿಡಿದುಕೊಂಡಿದ್ದ. ಹಿಡಿದದ್ದು ಅವನಿಗೂ ಗೊತ್ತಿರಲಿಲ್ಲ, ಕೈ ನೋಯುತ್ತಿದ್ದರೂ ಅವಳು ಹೇಳಲಿಲ್ಲ.

"ಇಲ್ನೋಡಿ. ಇದು ಮೊದಲಿಂದು. ಇದು ಗಾಬರಿ ಪಡಿಸಿದ್ದು. ಇದು ಇವತ್ತಿಂದು."

ಮೂರನೆಯದರಲ್ಲಿ ಬೇರಿನ ತುದಿಯ ಕಪ್ಪು ಕರಗಿ, ಸಾಸಿವೆ ಕಾಳಿನಷ್ಟು ಮಾತ್ರ ಉಳಿದಿತ್ತು. ಅದರ ಸುತ್ತ ಬೂದುಬಣ್ಣದ ಹೊಸ ಮೂಳೆ ಮುತ್ತಿಕೊಂಡಿತ್ತು.

"ಪೂರ್ತಿ ಹೋಗಿಲ್ವಲ್ಲಮ್ಮ?"

"ಹೋಗುತ್ತೆ. ನಿಮ್ಮಂಥೋರಿಗೆ ನಿಧಾನ, ಅಷ್ಟೇ. ಸಕ್ಕರೇನ ಹೀಗೇ ಹಿಡಿದಿಟ್ಟುಕೊಳ್ಳಿ, ವರ್ಷಕ್ಕೊಂದ್ಸಲ ಬಂದು ತೋರಿಸಿ. ಹಲ್ಲು ಉಳೀತು ಯಜಮಾನ್ರೇ. ಇನ್ನು ಊಟಾನ ಈ ಕಡೇನೂ ಅಗೀಬಹುದು."

ಪಾಕಪ್ಪನ ಕಣ್ಣು ತುಂಬಿತು. ಬಾಯಿ ತೆರೆಸದೆ ಕಣ್ಣೀರು ತರಿಸಿದ ಹಲ್ಲಿನ ಡಾಕ್ಟರು ನೀವೊಬ್ಬರೇ ಎಂದು ಹೇಳಬೇಕೆಂದುಕೊಂಡ. ಆದರೆ ಬರೀ ಕೈ ಮುಗಿದ.

ಮಧ್ಯಾಹ್ನದ ಊಟಕ್ಕೆ ಸೌತೆಕಾಯಿ ಹೆಚ್ಚಿ ಇಟ್ಟಿದ್ದಳು. ಅವನು ಒಂದು ಹೋಳನ್ನು ಬಲಗಡೆಗೆ ಹಾಕಿ ಮೆಲ್ಲಗೆ ಅಗಿದ. ಕರುಂ ಎಂದಿತು. ಇನ್ನೊಂದು ಹಾಕಿಕೊಂಡ. ಆ ಹಲ್ಲು ಬರೀ ತಿನ್ನುವುದಕ್ಕೆಂದು ತಿಂದದ್ದು ಅದೆಷ್ಟೋ ಕಾಲದ ಮೇಲೆ. ತಟ್ಟೆಯ ಸೌತೆಕಾಯಿ ಪೂರಾ ಖಾಲಿಯಾದ ಮೇಲೆ, ಹೆಂಡತಿಗೆ ಒಂದು ಹೋಳೂ ಉಳಿಸಲಿಲ್ಲವೆಂಬುದು ಅವನ ಗಮನಕ್ಕೆ ಬಂತು.

ಸಂಜೆ ಬಾಣಲೆ ಇಟ್ಟರು. ಪಾಕ ಕುದಿಯಿತು, ಗುಳ್ಳೆಗಳು ಸೋಮಾರಿಗಳಾದವು. ಹೆಂಡತಿ ಬಟ್ಟಲಿನಲ್ಲಿ ತಣ್ಣೀರು ಹಿಡಿದು ಬಂದವಳು ಅದನ್ನು ಅವನ ಪಕ್ಕದಲ್ಲಿ ಇಟ್ಟು, ಏನೋ ಹುಡುಕುವವಳಂತೆ ಶೆಲ್ಫಿನ ಕಡೆ ತಿರುಗಿದಳು.

"ಹಲ್ಲು ಸರಿಹೋಯ್ತಲ್ಲ," ಎಂದಳು, ಆ ಕಡೆಗೇ ನೋಡುತ್ತ. "ಎಳೆ ಮುರಿಯೋದೇನು ದೊಡ್ಡ ವಿದ್ಯೆ ಅಲ್ಲ. ಇನ್ಮೇಲೆ ನೀವೊಬ್ಬರೇ ನೋಡ್ಕೊಳ್ಳಬಹುದು. ನಾನು ಅಂಗಡೀಲಿ ಕೂತಿರ್ತೀನಿ. ಇಳ್ಸೋಕೆ ಮಾತ್ರ ಕರೀರಿ."

ಅದು ನಿಜವೇ. ಎಳೆಯನ್ನು ತಾನೇ ಬಿಟ್ಟು, ತಾನೇ ಎತ್ತಿ, ತನ್ನ ಕಿವಿಗೆ ತಾನೇ ಮುರಿದುಕೊಳ್ಳಬಹುದೆಂಬುದು ಪಾಕಪ್ಪನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ತಿಂಗಳು ತುಟಿ ಬಿಚ್ಚಿರಲಿಲ್ಲ. ಒದ್ದೆ ಕೈ ಕಿವಿಯ ಹತ್ತಿರ ಬರುವುದು, ಅವಳು ತಾನೂ ಕೇಳಲೆಂದು ತಲೆಯನ್ನು ಅವನ ತಲೆಗೆ ತಾಗಿಸುವುದು, ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುವುದು, ಅದು ಅವನಿಗೆ ಅಷ್ಟು ಹಿಡಿಸಿತ್ತು. ಮೊದಲೆಲ್ಲ ಅವಳು ಬಾಣಲೆ ಇಳಿಸುವ ಹೊತ್ತಿಗೆ ಮಾತ್ರ ಬಂದು ಹೋಗುತ್ತಿದ್ದಳು.

"ನಾನೊಬ್ನೇ ಹೇಗೆ ನೋಡ್ಲಿ?" ಎಂದ ಪಾಕಪ್ಪ, ಆದಷ್ಟು ಗಡುಸಾಗಿ. "ಎರಡೂ ಕೈ ಸೌಟಿನ ಮೇಲಿದೆ, ಕಾಣ್ತಿಲ್ವಾ?"

ಅವಳು ತಿರುಗಿ ನೋಡಿದಳು. ಅವನ ಬಲಗೈ ಸೌಟಿನ ಮೇಲಿತ್ತು. ಎಡಗೈ ಸೊಂಟದ ಮೇಲಿತ್ತು.

"ಕಾಣ್ತಿದೆ," ಎಂದಳು. ಸೆರಗು ಸಿಕ್ಕಿಸಿಕೊಂಡು ಬಂದು, ಅವನು ಸೌಟಿನಿಂದ ಬಿಟ್ಟ ಎಳೆಯನ್ನು ಬಟ್ಟಲಿನಿಂದ ಎತ್ತಿ ಅವನ ಕಿವಿಯ ಹತ್ತಿರ ಹಿಡಿದಳು.